ಐದನೇ ಕ್ಲಾಸಿನ ಭಾಗಾಕಾರ

ಆಶಾರಾಣಿ ಬೋರ್ಡಿನ ಅರ್ಧ ಒರೆಸಿದ್ದಳು. ಇನ್ನರ್ಧದಲ್ಲಿ ಸ್ನೇಹಾ ಮಾಡಿದ ಲೆಕ್ಕ ಉಳಿದಿತ್ತು. ನೂರ ಐವತ್ತಾರನ್ನು ಹನ್ನೆರಡರಿಂದ ಭಾಗಿಸಲು ಹುಡುಗಿ ಮೊದಲು ಹತ್ತು ಹನ್ನೆರಡುಗಳನ್ನು ಒಟ್ಟಿಗೇ ಕಳೆದು, ಉಳಿದ ಮೂವತ್ತಾರರಲ್ಲಿ ಇನ್ನೂ ಮೂರು ಕಂಡುಕೊಂಡಿದ್ದಳು. ಉತ್ತರ ಹದಿಮೂರು. ಸರಿಯಾಗಿಯೇ ಇತ್ತು.

"ಇದ್ಯಾವ ಊರಿನ ಭಾಗಾಕಾರನವ್ವ?"

"ಐದನೇ ಕ್ಲಾಸಲ್ಲಿ ಖತೀಜಾಬೀ ಮಿಸ್ ಹೇಳಿಕೊಟ್ಟಿದ್ರು, ಮಿಸ್."

"ಅವರು ಹೇಳಿಕೊಟ್ಟಿದ್ದನ್ನ ಅಲ್ಲೇ ಬಿಟ್ಟು ಬರ್ಬೇಕಿತ್ತು. ಆರನೇ ಕ್ಲಾಸಿಗೆ ಯಾಕ ಹೊತ್ಕೊಂಡು ಬಂದೆ?"

ಕ್ಲಾಸು ಗೊಳ್ಳೆಂದಿತು. ಆಶಾರಾಣಿಯೂ ನಗುತ್ತ ತಿರುಗಿದಳು. ಬಾಗಿಲಲ್ಲಿ ಖತೀಜಾಬೀ ನಿಂತಿದ್ದಳು, ಬೆಳಿಗ್ಗೆ ಒಯ್ದಿದ್ದ ಮರದ ಕೈವಾರ ಹಿಡಿದು. ಅದನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದಾಗ ಖತೀಜಾಬೀಯೇ ಮಾತು ತೆಗೆದಳು. "ಮೇಡಂ, ನೀವು ಹೆಂಗ್ ಮಾಡಿಸ್ತೀರಿ ತೋರಿಸಿಬಿಡ್ರಿ. ನಾನೂ ಹಂಗೇ ಮಾಡಿಸ್ತೀನಿ. ನನ್ನ ಪಾಠ ಅಂದ್ರೆ ಮಕ್ಕಳು ನಗೋದು ಬ್ಯಾಡ."

"ತಮಾಷೆಗೆ ಅಂದೆ, ಬಿಡ್ರಿ."

"ಗೊತ್ರಿ. ಒಂದು ಪೀರಿಯಡ್ ನಿಮ್ಮ ಕ್ಲಾಸಲ್ಲಿ ಕೂಡ್ತೀನಿ ಅಂತ ಜೂನ್‌ನಿಂದ ಕೇಳ್ತಿದ್ದೆ. ನೀವು ಬ್ಯಾಡ ಅಂದ್ರಿ."

ಖತೀಜಾಬೀ ಕೂಗಾಡಿದ್ದರೆ ಚೆನ್ನಾಗಿತ್ತು. ಆಶಾರಾಣಿ ಅರ್ಧ ಉಳಿದ ಚಿತ್ರಾನ್ನದ ಬುತ್ತಿಗೆ ಮುಚ್ಚಳ ಹಾಕಿದಳು.

ಹರಿಹರದಿಂದ ದಾವಣಗೆರೆಗೆ ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತಳು. ಕ್ಲಾಸಿನಲ್ಲಿ ಯಾರಾದರೂ ಬಂದು ಕೂತರೆ ಮಕ್ಕಳ ಗಮನ ಕೆಡುತ್ತದೆ ಎಂದು ಖತೀಜಾಬೀಗೆ ಹೇಳುತ್ತಿದ್ದಳು. ಅದು ಸುಳ್ಳು. ತಾನು ಬೋರ್ಡಿನ ಮೇಲೆ ಬರೆಯುವುದು, ಅವರು ನೋಡಿ ಇಳಿಸಿಕೊಳ್ಳುವುದು, ಇಷ್ಟೇ ಅವಳ ಪಾಠ. ಮುಂದಿನ ಅಂಕಿಯನ್ನು ಕೆಳಗೆ ತರುವುದು ಯಾಕೆ ಎಂದು ಯಾರಾದರೂ ಕೇಳಿದರೆ "ಹಂಗೇ ಮಾಡ್ಬೇಕು" ಎಂದು ಬಾಯಿ ಮುಚ್ಚಿಸಿದ್ದಳು. ಲೆಕ್ಕದಲ್ಲಿ ಏನು ಮಾಡುತ್ತಿದ್ದೇವೆಂದು ಇವತ್ತು ಆ ಕ್ಲಾಸಿನಲ್ಲಿ ಗೊತ್ತಿದ್ದದ್ದು ಸ್ನೇಹಾಳೊಬ್ಬಳಿಗೆ. ಅವಳನ್ನೇ ನಗೆಪಾಟಲು ಮಾಡಿದ್ದಾಯಿತು.

ಎಸ್.ಎಸ್. ಬಡಾವಣೆಯ ಮನೆಯಲ್ಲಿ ರೊಟ್ಟಿ ಬಡಿಯುವಾಗ ಗಂಡ ಕೊಟ್ರೇಶ್ ತಟ್ಟೆ ಮುಂದಿಟ್ಟುಕೊಂಡು ಕೇಳಿದ, "ಏನು, ನಿಮ್ಮ ಐದನೇ ಕ್ಲಾಸಿನ ಮೇಡಮ್ಮು ಇವತ್ತೇನು ಕಡಿದು ಕಟ್ಟೆ ಹಾಕಿದ್ರು?"

ದಿನಾ ಅವಳೇ ಖತೀಜಾಬೀಯ ಹಾಗೆ ಕೈಯಾಡಿಸಿ ತೋರಿಸಿ ನಗಿಸುತ್ತಿದ್ದಳು. ಅವನಿಗೆ ಅದೇ ರೂಢಿ.

"ಏನಿಲ್ಲ. ಊಟ ಮಾಡ್ರಿ."

ರೊಟ್ಟಿ ಮಗುಚಿದಳು. ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ತಾನೇ ಹೋಗಿ ಖತೀಜಾಬೀಯನ್ನು ಕರೆತರಬೇಕು. ಅದೇ ಲೆಕ್ಕವನ್ನು ಅದೇ ಮಕ್ಕಳ ಮುಂದೆ ಅವಳೇ ಮಾಡಿಸಲಿ. ತಾನು ಸ್ನೇಹಾಳ ಪಕ್ಕ ಬೆಂಚಿನಲ್ಲಿ ಕೂತು, ತಿಳಿಯದ ಕಡೆ ಎಲ್ಲರಿಗೂ ಕೇಳುವಂತೆ ಯಾಕೆ ಎಂದು ಕೇಳಬೇಕು.

ಕೊಟ್ರೇಶ್ ಇನ್ನೊಂದು ರೊಟ್ಟಿ ಕೇಳಿದ. ಬಡಿಸಿದಳು.