ಈಶಾನ್ಯ ಮೂಲೆಯ ಮರಳು

ತೀರ್ಥಹಳ್ಳಿ ಕಡೆ ಯಾರ ಹತ್ತಿರ ಏನು ಕೇಳಿದರೂ ಮೊದಲು ಕಾಫಿ ಬರುತ್ತದೆ. ಆಮೇಲೆ "ಆಯ್ತು, ಮಾಡಣ" ಎಂಬ ಮಾತು ಬರುತ್ತದೆ. ಕೆಲಸ ಮಾತ್ರ ಬರುವುದಿಲ್ಲ. ಅಲ್ಲೇ ಪಕ್ಕದ ಮೇಳಿಗೆಯಲ್ಲಿ ಹುಟ್ಟಿ ಬೆಳೆದ ದೀಪಶ್ರೀಗೆ ಇದೇನು ಹೊಸದಲ್ಲ. ಆದರೂ ಆ ದಿನ ಸೋದರಮಾವ ಮುಕುಂದಯ್ಯನವರ ಜಗಲಿಯಲ್ಲಿ ಖಾಲಿ ಲೋಟವನ್ನು ಸಿಟ್ಟಿನಿಂದ ಟಣ್ಣನೆ ಕೆಳಗಿಟ್ಟಳು.

ಮುಕುಂದಯ್ಯ ಊರಿನ ಟ್ರಸ್ಟಿನ ಅಧ್ಯಕ್ಷರು. ತುಂಗೆಯ ದಡದಲ್ಲಿ ಕಾಲೇಜು ಹುಡುಗಿಯರಿಗೆ ಮೂರಂತಸ್ತಿನ ಹಾಸ್ಟೆಲ್ ಕಟ್ಟಿಸುವುದು ಅವರ ಬಹುದಿನದ ಆಸೆ. ಸಿಕ್ಕ ಜಾಗ ತಗ್ಗಿನ ಗದ್ದೆ. ಅದಕ್ಕೆ ಲಾರಿಗಟ್ಟಲೆ ಮರಳು ಸುರಿದು ಮಟ್ಟ ಮಾಡಿಸಿದ್ದರು. ಆ ಮರಳು ಕಟ್ಟಡ ತಾಳುತ್ತದೋ ಇಲ್ಲವೋ ಎಂದು ಹೇಳಬೇಕಾದವಳು ಶಿವಮೊಗ್ಗದಲ್ಲಿ ಮಣ್ಣು ಪರೀಕ್ಷೆಯ ಇಂಜಿನಿಯರ್ ಆಗಿದ್ದ ದೀಪಶ್ರೀ. ಅವಳ ಸಹಿ ಬಿದ್ದರೆ ಕೆಲಸ ಶುರು.

ನಾಲ್ಕು ಮೂಲೆಗೂ ಗೂಟ ಹೊಡೆದು, ಇಲ್ಲಿಲ್ಲಿ ತೂತು ಕೊರೆಯಿರಿ ಎಂದು ಹೇಳಿಹೋಗಿದ್ದಳು. ಬಂದು ನೋಡಿದರೆ ಈಶಾನ್ಯದ ಗೂಟವೇ ಮಾಯ. ಕೊರೆಯುವವರ ಮೇಸ್ತ್ರಿ ಬಾಲು ತಲೆ ಕೆರೆದುಕೊಂಡ.

"ಅಲ್ಲಿ ಗುದ್ದಲಿಪೂಜೆ ಆಗಿದೆಯಲ್ಲ ಮೇಡಂ. ಹಾಲು, ನವಧಾನ್ಯ ಎಲ್ಲ ಹಾಕಿದಾರೆ. ಪೂಜೆ ಮಾಡಿದ್ ಜಾಗಕ್ಕೆ ಕಬ್ಬಿಣ ಚುಚ್ಬೇಡಿ ಅಂದ್ರು ಅಧ್ಯಕ್ಷರು. ಅದಕ್ಕೆ ಆ ತೂತನ್ನೂ ಈ ಕಡೆಗೇ ತಂದ್ವಿ."

ಈ ಕಡೆ ಅಂದರೆ ಗುಡ್ಡದ ಬದಿ. ಅಲ್ಲಿ ಮೊಣಕಾಲುದ್ದ ಮರಳಿನ ಕೆಳಗೇ ಜಂಬಿಟ್ಟಿಗೆ ಕಲ್ಲು. ರಾಡಿನ ತಲೆಗೆ ಹ್ಯಾಮರ್ ಬಿಟ್ಟು ಬಿಟ್ಟು ಹುಡುಗರ ತೋಳು ಸೋತಿದ್ದವು, ರಾಡು ಇಳಿದಿರಲಿಲ್ಲ; ನೆಲ ಅಷ್ಟು ಗಟ್ಟಿ. ಹೊಳೆಯ ಬದಿಯ ಈಶಾನ್ಯದಲ್ಲಿ ಮರಳು ಎರಡಾಳು ಆಳ. ಅಲ್ಲಿ ಏನಿದೆಯೆಂದು ಯಾರೂ ನೋಡಿರಲಿಲ್ಲ. ಜಗಲಿಯಲ್ಲಿ ಅವಳು ಮಾವನಿಗೆ ಹೇಳುತ್ತಿದ್ದುದು ಇದನ್ನೇ.

"ಮಾವ, ಈ ಕಡೆ ಗಟ್ಟಿ ಇದೆ ಅಂತ ಆ ಕಡೆಗೂ ಸಹಿ ಹಾಕ್ಲಾ?"

"ಒಂದೇ ಸೈಟಲ್ವೇನೇ ದೀಪು."

"ಹಲ್ಲುನೋವು ಅಂತ ಹೋದ್ರೆ ಮಂಡಿ ಮುಟ್ಟಿ ನೋಡಿ ಚೆನ್ನಾಗಿದೆ ಅಂದಂಗಾಯ್ತು."

ಮುಕುಂದಯ್ಯ ನಕ್ಕರು. ಅವಳಿಗೆ ನಗು ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿದಳು. "ಸೇರಿಗೆ ಅಕ್ಕಿ ಸುರಿದು ಕುಟ್ಟಿದ್ರೆ ತಗ್ಗುತ್ತಲ್ಲ ಮಾವ, ಸಡಿಲ ಮರಳೂ ಹಂಗೇ. ಆದ್ರೆ ಸಂದಲ್ಲಿ ನೀರು ತುಂಬಿದ್ರೆ ತಗ್ಗೋಕೆ ಜಾಗ ಇಲ್ಲ. ನೆಲ ಅದುರಿದ್ ತಕ್ಷಣ ಮರಳು ನೀರಲ್ಲಿ ತೇಲುತ್ತೆ, ಗಂಜಿ ಆಗುತ್ತೆ. ಗಂಜಿ ಮೇಲೆ ಕಟ್ಟಡ ನಿಲ್ಲುತ್ತಾ?"

"ನಮ್ಮ ಕಡೆ ಎಂತ ಭೂಕಂಪ?"

"ಹೋದ್ ವರ್ಷ ಅಡುಗೆಮನೆ ಪಾತ್ರೆ ಗಡಗಡ ಅಂತು ಅಂತ ಅತ್ತೆ ಫೋನ್ ಮಾಡಿದ್ರಲ್ಲ."

"ಅದು ಕಲ್ಲುಕ್ವಾರಿ ಸಿಡಿಮದ್ದು ಇರ್ಬೇಕು ಮಾರಾಯ್ತಿ."

"ಯಾವ್ದಾದ್ರೂ ಇರ್ಲಿ. ಮರಳಿಗೆ ಅದುರಿದ್ರೆ ಸಾಕು."

"ಆಯ್ತು, ನೋಡಣ," ಎಂದರು ಮುಕುಂದಯ್ಯ. ಒಳಗಿಂದ ವೆಂಕಮ್ಮತ್ತೆ ಇನ್ನೊಂದು ಲೋಟ ಕಾಫಿ ತಂದರು.

ಹೀಗೇ ಒಂದು ತಿಂಗಳು ಕಳೆಯಿತು. ಸಹಿ ಹಾಕದ ಸೊಸೆ ಟ್ರಸ್ಟಿನವರ ಕಣ್ಣಿಗೆ ಜಂಬದವಳಾದಳು. "ಓದಿದ್ದು ಹೆಚ್ಚಾಯ್ತು" ಎಂಬ ಮಾತು ಅವಳ ಅಮ್ಮನ ಕಿವಿಗೂ ಬಿತ್ತು. ರಾತ್ರಿ ಮಲಗಿದರೆ ಈಶಾನ್ಯದ ಕೋಣೆಗಳಲ್ಲಿ ಸಾಲಾಗಿ ಮಲಗಿದ ಹುಡುಗಿಯರೇ ಕಣ್ಮುಂದೆ. ಕೊನೆಗೆ ರೋಸಿಹೋಗಿ, ಗುದ್ದಲಿಪೂಜೆ ಮಾಡಿಸಿದ ಸುಂದರೇಶ ಭಟ್ಟರ ಮನೆಗೇ ಹೋದಳು.

"ಭಟ್ರೇ, ಈಶಾನ್ಯದಲ್ಲಿ ಏನೂ ಅಗೆಯೋ ಹಾಗೇ ಇಲ್ವಾ?"

"ಯಾಕಿಲ್ಲ? ಬಾವಿ ತೆಗೀಬಹುದು. ಈಶಾನ್ಯ ಅಂದ್ರೆ ನೀರಿನ ಜಾಗವೇ ಅಲ್ವನಮ್ಮ."

ದೀಪಶ್ರೀ ನೇರ ಮಾವನ ಮನೆಗೆ ಬಂದು, ಹಾಸ್ಟೆಲ್‌ಗೆ ಈಶಾನ್ಯದಲ್ಲಿ ಬಾವಿ ತೆಗೆದರೆ ಒಳ್ಳೆಯದಂತೆ, ಮೊದಲು ಒಂದು ತೂತು ಕೊರೆದು ನೀರು ನೋಡೋಣವೇ ಎಂದಳು. ಮುಕುಂದಯ್ಯ ಕಾಫಿಗೂ ಕಾಯಲಿಲ್ಲ, ಬಾಲುವಿಗೆ ಫೋನ್ ಮಾಡಿಬಿಟ್ಟರು. ತಿಂಗಳಿಡೀ ಬಾಯಿ ನೋಯಿಸಿಕೊಂಡಿದ್ದೆಲ್ಲ ನೀರಲ್ಲಿ ಹೋಮ, ಬಾವಿ ಅಂದಕೂಡಲೇ ದಾರಿ ತೆರೆಯಿತು. ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅಷ್ಟರಲ್ಲಿ ಮುಂಗಾರಿನ ಮಿರ್ಗದ ಮಳೆ ಹಿಡಿದಿತ್ತು, ಹೊಳೆ ಕೆಂಪಗೆ ಏರಿತ್ತು. ಈಶಾನ್ಯದ ಮೂಲೆಯಲ್ಲಿ ಮರಳಿನ ಮೇಲೆ ಬಾಳೆಲೆ ಹಾಸಿ, ಅಕ್ಕಿ ಹರಡಿ, ತುಂಬಿದ ಹಿತ್ತಾಳೆ ಕಲಶ ಇಟ್ಟು ಭಟ್ಟರು ಗಂಗೆಪೂಜೆ ಮಾಡಿದರು. ಟ್ರಸ್ಟಿನ ಹೆಚ್ಚಿನವರು ಕೊಡೆ ಹಿಡಿದು ಸುತ್ತ ನಿಂತಿದ್ದರು. ಬಾಲು ಕೊರೆಯಲು ಶುರುಮಾಡಿದ ಸ್ವಲ್ಪ ಹೊತ್ತಿಗೇ, ಕೈ ಇಳಿಬಿಟ್ಟರೆ ಸಿಗುವಷ್ಟು ಮೇಲೆ ನೀರು ಬಂತು.

"ನಿನ್ನ ಕೈಗುಣ ಕಣೇ ದೀಪು," ಎಂದರು ಮುಕುಂದಯ್ಯ. ಎಲ್ಲರೂ ಕೈಮುಗಿದರು. ಯಾವುದಕ್ಕೆ ಅವಳು ಹೆದರಿದ್ದಳೋ ಅದಕ್ಕೇ ಅವರು ತೆಂಗಿನಕಾಯಿ ಒಡೆದರು.

"ಬಾಲು, ರಾಡ್ ಇಳಿಸಿ," ಎಂದಳು ದೀಪಶ್ರೀ.

ಹೇಗೂ ತೂತು ಆಗಿಹೋಗಿತ್ತು, ಯಾರೂ ತಡೆಯಲಿಲ್ಲ. ರಾಡು ಯಾರೂ ಹೊಡೆಯದೆ ತನ್ನ ಭಾರಕ್ಕೇ ಮೊಳದಷ್ಟು ಇಳಿಯಿತು. ಬಾಲುವಿನ ಮುಖ ಪೆಚ್ಚಾಯಿತು. ಉಳಿದವರಿಗೆ ಅದರ ಅರ್ಥವಾಗಲಿಲ್ಲ, ಪ್ರಸಾದ ಹಂಚುವುದರಲ್ಲಿದ್ದರು. "ಈಗ ಹ್ಯಾಮರ್ ಬಿಡಿ," ಎಂದಳು.

ಧಡ್ ಎಂದು ಹ್ಯಾಮರ್ ಬಿತ್ತು. ಮತ್ತೆ ಬಿತ್ತು. ಹಸಿ ಮರಳು ಎಮ್ಮೆಯ ಚರ್ಮದ ಹಾಗೆ ಅದುರಿತು. ಬಾಳೆಲೆಯ ಅಂಚಿನಲ್ಲಿ ನೀರು ಜಿನುಗಿತು. ಇನ್ನೊಂದೆರಡು ಪೆಟ್ಟಿಗೆ ಕಲಶ ಹೊಳೆಯ ಕಡೆ ವಾಲಿತು, ನಿಧಾನವಾಗಿ ಎಲೆಯನ್ನೂ ಎಳೆದುಕೊಂಡು ಕತ್ತಿನವರೆಗೆ ಹೂತುಹೋಯಿತು.

ಭಟ್ಟರು ಕಲಶ ಎತ್ತಲು ಹೋದವರು ಕೈ ಹಿಂದಕ್ಕೆ ತೆಗೆದುಕೊಂಡರು. ಮುಕುಂದಯ್ಯ ಎರಡು ಹೆಜ್ಜೆ ಹಿಂದೆ ಸರಿದರು.

"ಪೂಜೆಯಾದ ಕಲಶ ಮುಳುಗೋ ಜಾಗದಲ್ಲಿ ಹುಡ್ಗೀರನ್ನ ಮಲಗ್ಸೋದಾ? ಬೇಡ. ಈ ಮರಳು ತೆಗ್ಸಣ, ಇಲ್ದಿದ್ರೆ ಬೇರೆ ಜಾಗ ನೋಡಣ."

"ಅದನ್ನೇ ಅಲ್ವಾ ಮಾವ ನಾನು ತಿಂಗಳಿಂದ ಬಡ್ಕೊಂಡಿದ್ದು?"

"ನೀ ಹೇಳಿದ್ದೆ. ನಂಗೆ ಕಂಡಿರ್ಲಿಲ್ಲ." ಅವರು ಅವಳ ಕಡೆ ನೋಡದೆ ಹೊಳೆಯ ಕಡೆ ತಿರುಗಿದರು. "ರಿಪೋರ್ಟಲ್ಲಿ ಕಲಶದ ವಿಷಯ ಮೊದ್ಲು ಬರಿ. ನಿನ್ನ ಲೆಕ್ಕ ಎಲ್ಲ ಆಮೇಲೆ ಇರ್ಲಿ. ಇಲ್ಲಾಂದ್ರೆ ಇವತ್ತು ಬರದೇ ಇರೋ ಟ್ರಸ್ಟಿನವ್ರು ನಂಬಲ್ಲ."

ದೀಪಶ್ರೀಗೆ ಕಿರುಚಬೇಕೆನಿಸಿತು. ಕಾರಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಪರೀಕ್ಷೆಯ ವೇಳೆ ತೂತಿನ ಪಕ್ಕದಲ್ಲಿದ್ದ ತುಂಬಿದ ಹಿತ್ತಾಳೆ ಕಲಶವು ಹ್ಯಾಮರಿನ ಪೆಟ್ಟಿನ ಕಂಪನಕ್ಕೆ ಕತ್ತಿನವರೆಗೆ ಮರಳಿನಲ್ಲಿ ಹೂತುಹೋಯಿತು ಎಂದು ಮೊದಲ ಸಾಲಿನಲ್ಲೇ ಬರೆದಳು. ಓದಿ ನೋಡಿದಳು. ಒಂದಕ್ಷರವೂ ಸುಳ್ಳಿರಲಿಲ್ಲ. ಅವಳಿಗೆ ಇನ್ನಷ್ಟು ಸಿಟ್ಟು ಬಂದಿದ್ದು ಅದಕ್ಕೇ.