ಆನೆಗಳ ಸುತ್ತುಗಾವಲು

ಒಂದು ಕಾಡಿನ ನಡುವೆ ದೊಡ್ಡ ನೇರಳೆಮರವಿತ್ತು. ಅದರ ಹಣ್ಣು ತಮ್ಮದೆಂದು ಕೆಂಪುಮೂತಿಯ ಕೋತಿಗಳೂ ಕಪ್ಪುಮೂತಿಯ ಮುಸುವಗಳೂ ಬಡಿದಾಡುತ್ತಿದ್ದವು. ಜಗಳ ಶುರುಮಾಡಿದವರು ಯಾರೆಂದು ಕೇಳಿದರೆ ಎರಡೂ ಕಡೆಯವರು ಇನ್ನೊಬ್ಬರ ಅಜ್ಜನ ಮೇಲೆ ಹಾಕುತ್ತಿದ್ದರು. ನೇರಳೆಯ ಹಣ್ಣು ಬಿಡುವುದು ಕೊಂಬೆಯ ತುದಿಯಲ್ಲಿ, ಕೊಂಬೆಯೋ ಬಲು ಪೆಡಸು. ದೊಡ್ಡವರು ಕಾಲಿಟ್ಟರೆ ಲಟಕ್ಕನೆ ಮುರಿಯುತ್ತದೆ. ಆದ್ದರಿಂದ ನಾಯಕರು ಗಟ್ಟಿ ಕೊಂಬೆಯಲ್ಲಿ ಕೂತು, ತುದಿಯ ಯುದ್ಧಕ್ಕೆ ಮರಿಗಳನ್ನು ಕಳಿಸುತ್ತಿದ್ದರು. ಬಿದ್ದ ಮರಿಗಳನ್ನು ವೀರರೆಂದು ಕರೆಯುತ್ತಿದ್ದರು. ಅದಕ್ಕೇನೂ ಖರ್ಚಿರಲಿಲ್ಲ.

ಶಾಂತಿ ಕಾಯಲು ಬಂದ ಆನೆಗಳಿಗೆ ಇದನ್ನು ಸಹಿಸಲಾಗಲಿಲ್ಲ. ಅವು ನಿಜಕ್ಕೂ ಮರುಗಿದವು, ಇದರಲ್ಲಿ ಸಂಶಯ ಬೇಡ. ಮರಿಗಳನ್ನು ಕಾಯಲೆಂದೇ ಪರಿಣತರನ್ನು ತಯಾರು ಮಾಡಬೇಕೆಂದು ತೀರ್ಮಾನಿಸಿ, ಹೊಳೆಯ ಆಚೆ ಒಂದು ಶಾಲೆ ತೆರೆದವು. ಹಿರಿಯ ದಂತಪ್ಪ ಅದರ ಗುರು.

ಆನೆಗಳಲ್ಲಿ ತಲೆತಲಾಂತರದಿಂದ ಒಂದು ಪದ್ಧತಿಯಿದೆ. ಅಪಾಯ ಬಂದಾಗ ಮರಿಯನ್ನು ನಡುವೆ ಬಿಟ್ಟು, ದೊಡ್ಡವು ಸುತ್ತ ನಿಂತು, ಹೊರಗೆ ಮುಖ ಮಾಡುತ್ತವೆ. ದಂತಪ್ಪ ಅದನ್ನೇ ಕಲಿಸಿದ. ಅಭ್ಯಾಸಕ್ಕೆ ಮರಿಯ ಬದಲು ಒಂದು ಗುಂಡುಕಲ್ಲನ್ನು ನಡುವೆ ಇಟ್ಟಿದ್ದ. ಕಲ್ಲು ಅಳುತ್ತಿರಲಿಲ್ಲ, ಎದ್ದು ಓಡುತ್ತಿರಲಿಲ್ಲ. ಅದರಿಂದ ಪಾಠ ಬೇಗ ಮುಗಿಯುತ್ತಿತ್ತು.

ಹೂವಿ ಎಂಬ ಹೆಣ್ಣಾನೆ ಮಾತ್ರ ಒಮ್ಮೆ ಕೇಳಿದಳು: "ಗುರುಗಳೇ, ಮರಿ ಏನ್ ಮಾಡ್ತಿದೆ ಅಂತ ಆಗಾಗ ತಿರುಗಿ ನೋಡೋದು ಬೇಡ್ವಾ?"

"ಅಪಾಯ ಬರೋದು ಹೊರಗಿನಿಂದ ಕಣಮ್ಮ. ತಿರುಗಿದೆ ಅಂದ್ರೆ ಕಾವಲು ಹೋಯ್ತು ಅಂತಲೇ ಅರ್ಥ."

ಪರೀಕ್ಷೆಯ ದಿನ ಹೂವಿ ತಿರುಗಿ ಕಲ್ಲನ್ನು ನೋಡಿದಳು. ಎಲ್ಲರೂ ನಕ್ಕರು. ಉಳಿದವರು ಪಾಸಾಗಿ ಕಾವಲುಗಾರರಾದರು, ಹೂವಿಗೆ ನೀರು ಹೊರುವ ಕೆಲಸ ಸಿಕ್ಕಿತು.

ಕಾವಲುಗಾರರು ಯುದ್ಧಭೂಮಿಗೆ ಬಂದು ಎರಡೂ ಕಡೆಯ ಮರಿಗಳನ್ನು ಕೆಳಗಿಳಿಸಿದರು. ಕೆಂಚಿ ಎಂಬ ಕೋತಿ ತನ್ನ ಒಬ್ಬನೇ ಮಗ ಚಿಗುರನನ್ನು ತಾನೇ ಕೈಹಿಡಿದು ಕರೆತಂದು ಒಪ್ಪಿಸಿದಳು. "ಇವನಿಗೆ ಏನೂ ಆಗದ ಹಾಗೆ ನೋಡ್ಕೊಳ್ಳಿ" ಎಂದಳು. ಮರಿಗಳಿಗೆ ಬಿಸಿಲು ತಾಗಬಾರದೆಂದು ಆನೆಗಳು ನೇರಳೆಮರದ ನೆರಳಿನಲ್ಲೇ ಸುತ್ತುಗಟ್ಟಿದವು. ಎಲ್ಲರೂ ಹೊರಗೆ ಮುಖ ಮಾಡಿ ನಿಂತರು. ಮರಿಗಳಿಗೆ ಕಂಡದ್ದು ಆನೆಗಳ ಬಾಲ ಮಾತ್ರ.

ಮೇಲಿನ ಕೊಂಬೆಯಿಂದ ಕೆಂಪುಮೂತಿಯ ನಾಯಕ ಮೆಲ್ಲಗೆ ಕರೆದ. "ಚಿಗುರಾ, ನಿನ್ನಷ್ಟು ತುದಿಗೆ ಹೋಗೋನು ಇನ್ನೊಬ್ಬ ಇಲ್ಲ ಕಣೋ. ಬಾ ಮೇಲೆ."

ಕೆಳಗೆ ಚಿಗುರನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಅವನು ಹತ್ತಿದ. ಅವನ ಹಿಂದೆ ಉಳಿದ ಮರಿಗಳೂ ಹತ್ತಿದವು, ಕೆಲವು ಕೋತಿಗಳ ಕಡೆಗೆ, ಕೆಲವು ಮುಸುವಗಳ ಕಡೆಗೆ. ಎಲೆ ಅಲುಗಿದ್ದು ಆನೆಗಳ ಕಿವಿಗೆ ಬಿತ್ತು. ಆದರೆ ಮೇಲೆ ಎಂಬುದು ಹೊರಗಲ್ಲವಲ್ಲ.

ಕೆಂಚಿ ಮಗನಿಗೆಂದು ಹಣ್ಣು ತಂದಳು. ಕಾವಲುಗಾರ ಸೊಂಡಿಲು ಅಡ್ಡ ಹಾಕಿದ.

"ಒಳಗೆ ಬಿಡೋ ಹಾಗಿಲ್ಲ, ತಾಯಿ."

"ಹೋಗ್ಲಿ, ಹೇಗಿದ್ದಾನೆ ಅಂತಾದರೂ ಹೇಳಪ್ಪ."

"ಕ್ಷೇಮವಾಗಿದ್ದಾನೆ."

"ನೀನು ನೋಡಿದ್ಯಾ?"

"ನೋಡೋಕೆ ತಿರುಗಬೇಕಾಗುತ್ತೆ. ನಾವು ಹಾಗೆಲ್ಲ ತಿರುಗೋರಲ್ಲ."

ಅದೇ ಹೊತ್ತಿಗೆ ಹೂವಿ ನೀರು ಹೊತ್ತು ಸುತ್ತಿನೊಳಗೆ ಬಂದಳು. ಒಳಗೆ ಒಂದು ಮರಿಯೂ ಇರಲಿಲ್ಲ. ಗಾಬರಿಯಿಂದ ತಲೆಯೆತ್ತಿದಳು. ತುದಿಯ ಕೊಂಬೆಯೊಂದು ಲಟಕ್ಕೆಂದಿತು. ಬೀಳುತ್ತಿದ್ದ ಚಿಗುರನನ್ನು ಅವಳು ಸೊಂಡಿಲಲ್ಲಿ ಹಿಡಿದಳು. ಅವನ ಒಂದು ಕೈ ಮುರಿದಿತ್ತು, ಜೀವ ಉಳಿದಿತ್ತು.

"ನನ್ನ ಮಗನನ್ನು ನನಗೆ ಕೊಟ್ಟುಬಿಡಿ" ಎಂದು ಕೆಂಚಿ ಹೊರಗಿನಿಂದ ಗೋಳಾಡಿದಳು.

"ನಿನಗೆ ಕೊಟ್ಟರೆ ಮತ್ತೆ ಕೊಂಬೆ ಹತ್ತಿಸ್ತಾರೆ. ನಮ್ಮ ಶಾಲೆಯಲ್ಲೇ ಕ್ಷೇಮವಾಗಿರಲಿ" ಎಂದ, ಸುದ್ದಿ ತಿಳಿದು ಬಂದ ದಂತಪ್ಪ.

ಆನೆಗಳು ಸಭೆ ಸೇರಿ ಆತ್ಮವಿಮರ್ಶೆ ಮಾಡಿಕೊಂಡವು. ಅಭ್ಯಾಸಕ್ಕೆ ಕಲ್ಲು ಬಳಸಿದ್ದೇ ತಪ್ಪಾಯಿತು, ನಿಜವಾದ ಮರಿಯನ್ನು ಬಳಸಬೇಕಿತ್ತು ಎಂದು ಎಲ್ಲರಿಗೂ ಹೊಳೆಯಿತು. ಕಲ್ಲನ್ನು ಉರುಳಿಸಿ ಆ ಜಾಗದಲ್ಲಿ ಚಿಗುರನನ್ನು ಕೂರಿಸಿದರು. ಮರಿಯನ್ನು ಹಿಡಿದಳೆಂಬ ಕಾರಣಕ್ಕೆ ಹೂವಿಗೆ ಇನ್ನೊಂದು ಅವಕಾಶವನ್ನೂ ಕೊಟ್ಟರು.

ಕೆಂಚಿ ಹೊಳೆ ದಾಟಿ ಶಾಲೆಗೆ ಬಂದಳು. ದಿನವೂ ಮಗನ ಹೆಸರು ಕೂಗುತ್ತ ಸುತ್ತಿನ ಮೇಲೆ ಬಿದ್ದು, ಕಾಲುಗಳ ನಡುವೆ ನುಸುಳಲು ನೋಡಿ, ತಳ್ಳಿಸಿಕೊಂಡು ಹಿಂದಿರುಗುತ್ತಿದ್ದಳು. ದಂತಪ್ಪನಿಗೆ ಬಹಳ ಸಂತೋಷವಾಯಿತು. ಶತ್ರುವಿನ ಪಾತ್ರವನ್ನು ಇಷ್ಟು ಮನಸ್ಸಿಟ್ಟು ಮಾಡುವವರು ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಅಂತಿಮ ಪರೀಕ್ಷೆಯ ದಿನ ಕೆಂಚಿ ಹೂವಿ ನಿಂತಿದ್ದ ಕಡೆಗೆ ಓಡಿಬಂದಳು. ಹೂವಿ ತಿರುಗಿ ಒಮ್ಮೆ ಚಿಗುರನ ಮುಖ ನೋಡಿದಳು. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಚಿಗುರ ಒಂದೇ ಕೈಯಲ್ಲಿ ಅಮ್ಮನ ಹೊಟ್ಟೆಗೆ ಅಂಟಿಕೊಂಡ. ಇಬ್ಬರೂ ನೇರಳೆಮರ ಇಲ್ಲದ ದಿಕ್ಕಿಗೆ ಹೊರಟುಹೋದರು.

ಹೂವಿಯನ್ನು ಶಾಲೆಯಿಂದ ಹೊರಹಾಕಲಾಯಿತು. ಕೊಂಬೆ ಹತ್ತಿ ಹೋದ ಮರಿಗಳ ಮಾತನ್ನು ಯಾರೂ ಎತ್ತಲಿಲ್ಲ. ಆಗ ಸುತ್ತು ಮುರಿದಿರಲಿಲ್ಲವಲ್ಲ. ಶಾಲೆ ಈಗಲೂ ನಡೆಯುತ್ತಿದೆ, ಒಳ್ಳೆಯ ಹೆಸರಿದೆ. ಅದು ಶುರುವಾದಂದಿನಿಂದ ಆನೆಗಳು ಕಳೆದುಕೊಂಡ ಮರಿ ಚಿಗುರನೊಬ್ಬನೇ ಎಂದು ಹೊಸಬರಿಗೆ ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ.