ಜಾಡಿಯ ಹೊಟ್ಟೆಯ ಸುರುಳಿ

ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಒಡೆದ ಮಡಕೆಗಳನ್ನು ಜೋಡಿಸುವ ಕೆಲಸ ಅವಳದು. ಇಪ್ಪತ್ತಾರು ವರ್ಷದಿಂದ ಅದೇ ಕೋಣೆ, ಅದೇ ಉದ್ದನೆಯ ಮೇಜು, ಮರಳು ತುಂಬಿದ ಅದೇ ತಟ್ಟೆಗಳು. ಅಂಟು ಹಚ್ಚಿದ ಚೂರುಗಳು ಒಣಗುವ ತನಕ ಆ ಮರಳಿನಲ್ಲಿ ನೆಟ್ಟಗೆ ನಿಂತಿರುತ್ತಿದ್ದವು. ಯಾರ ಯಾರದೋ ಅಡುಗೆಮನೆಗಳನ್ನು ಹೀಗೆ ಕೈಯಲ್ಲಿ ಹಿಡಿದೂ ಹಿಡಿದೂ ಅವಳಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಮೂರು ಸಾವಿರ ವರ್ಷದ ಹಿಂದಿನವರ ಕೈಯಿಂದಲೂ ಪಾತ್ರೆ ಜಾರುತ್ತಿತ್ತು, ಸೀದ ತಳವನ್ನು ಅವರೂ ಗೊಣಗುತ್ತಲೇ ಉಜ್ಜಿದ್ದರು.

ಅವಳ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಇದಕ್ಕಿಂತ ಕ್ಷುದ್ರವಾದ ಮಾತು ಇನ್ನೊಂದಿರಲಿಲ್ಲ. ಅವರ ಲೆಕ್ಕದಲ್ಲಿ ಪ್ರಾಚೀನರು ಅಡುಗೆ ಮಾಡಿದವರೇ ಅಲ್ಲ. ಬೆಳಗಿನಿಂದ ಸಂಜೆಯವರೆಗೆ ಬ್ರಹ್ಮಾಂಡದ ಬಗ್ಗೆ ಯೋಚಿಸುತ್ತಾ ಕೂತಿದ್ದವರು. ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದ ಮೇಲೆ ಭಾವ ಭಾಷಣಕ್ಕೆ ಇಳಿದಿದ್ದರು. ಪ್ರತಿ ಭಾಷಣವೂ "ಐದು ಸಾವಿರ ವರ್ಷಗಳ ಹಿಂದೆ" ಎಂದೇ ಶುರುವಾಗುತ್ತಿದ್ದುದರಿಂದ ಸಂಗ್ರಹಾಲಯದ ಕಾವಲುಗಾರರು ಅವರಿಗೆ 'ಐದು ಸಾವಿರ' ಎಂದೇ ಹೆಸರಿಟ್ಟಿದ್ದರು. ಒಂದೇ ಗಂಟೆಯಲ್ಲಿ ಅವರು ಪಿರಮಿಡ್ಡು ಕಟ್ಟಿದವರನ್ನೂ ಗ್ರೀಸಿನ ತತ್ತ್ವಜ್ಞಾನಿಗಳನ್ನೂ ನಡುವಿನ ಎರಡು ಸಾವಿರ ವರ್ಷ ನುಂಗಿ ಒಂದೇ ಬೆಂಚಿನಲ್ಲಿ ಕೂರಿಸುತ್ತಿದ್ದರು. ಹೊಂದದ್ದನ್ನು ಹೊಂದಿಸಲು 'ಚೈತನ್ಯ' ಎಂಬ ಪದವಿತ್ತು. ಅಷ್ಟು ಗಟ್ಟಿಯಾದ ಅಂಟು ತನ್ನ ಕಪಾಟಿನಲ್ಲಿ ಒಂದೂ ಇಲ್ಲವಲ್ಲ ಎಂದು ಅವಳು ಅಂದುಕೊಳ್ಳುತ್ತಿದ್ದಳು.

ಅವರ ಹದಿನಾಲ್ಕು ಪುಸ್ತಕಗಳನ್ನೂ ಟೈಪು ಮಾಡಿದವಳು ಅಕ್ಕ. ಕಾಗೆ ಕಾಲು ಗುಬ್ಬಿ ಕಾಲಿನ ಆ ಅಕ್ಷರವನ್ನು ಓದಬಲ್ಲವಳು ಲೋಕದಲ್ಲಿ ಅವಳೊಬ್ಬಳೇ. ಹದಿನಾಲ್ಕು ಮುನ್ನುಡಿಗಳಲ್ಲಿ ಒಂದರಲ್ಲೂ ಅವಳ ಹೆಸರಿರಲಿಲ್ಲ.

ಆ ವರ್ಷ ಸಂಗ್ರಹಾಲಯದ ಮುಖ್ಯಸ್ಥ ವಾರ್ಷಿಕ ಭಾಷಣಕ್ಕೆ ಭಾವನನ್ನೇ ಕರೆದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಮನುಷ್ಯ ಅವನು. ಸಭೆ ತುಂಬಿದರೆ ಸಾಕು, ಏನು ಹೇಳಿದರು ಎಂಬುದು ಅವನಿಗೆ ಬೇಕಿರಲಿಲ್ಲ. ಹದಿನೈದು ದಿನ ಮೊದಲೇ ಬಾಗಿಲಿಗೆ ಪೋಸ್ಟರ್ ಅಂಟಿತು. ಅದರಲ್ಲಿ ಎರಡನೇ ಕೋಣೆಯ ದೊಡ್ಡ ಜಾಡಿಯ ಹೊಟ್ಟೆಯ ಭಾಗ ಮಾತ್ರ, ಬಾಗಿಲಿನಷ್ಟು ದೊಡ್ಡದಾಗಿ. ನಡುವೆ ಒಂದು ಸುರುಳಿ. ಕೆಳಗೆ: 'ಅನಂತದ ಸುರುಳಿ: ಒಂದು ನಾಗರಿಕತೆಯ ಮೌನ ದರ್ಶನ.'

ಬೆಳಿಗ್ಗೆ ಕೆಲಸಕ್ಕೆ ಬಂದವಳು ಪೋಸ್ಟರಿನ ಮುಂದೆ ನಿಂತೇಬಿಟ್ಟಳು. ಆ ಸುರುಳಿ ಅವಳದೇ.

ಹನ್ನೊಂದು ವರ್ಷದ ಹಿಂದೆ ಆ ಜಾಡಿ ಎಂಬತ್ತಮೂರು ಚೂರುಗಳಾಗಿ ಅವಳ ಮೇಜಿಗೆ ಬಂದಿತ್ತು. ಹೊಟ್ಟೆಯಲ್ಲಿ ಅಂಗೈಯಗಲ ಜಾಗಕ್ಕೆ ಚೂರು ಸಿಗಲೇ ಇಲ್ಲ. ಅಲ್ಲಿಗೆ ಪ್ಲಾಸ್ಟರ್ ತುಂಬಿ ಸಣ್ಣ ಕರಣೆಯಿಂದ ಸುತ್ತಾಗಿ ಸವರುತ್ತಿದ್ದಾಗ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನು ಬಂತು. ಕರಣೆಯನ್ನು ಅಲ್ಲೇ ಬಿಟ್ಟು ಓಡಿದ್ದಳು. ನಾಲ್ಕು ದಿನ ಬಿಟ್ಟು ಬಂದಾಗ ಪ್ಲಾಸ್ಟರ್ ಕಲ್ಲಾಗಿತ್ತು, ಅದರ ಮೇಲೆ ಕರಣೆಯ ಸುತ್ತು ಹಾಗೇ ಉಳಿದಿತ್ತು. ಉಜ್ಜಿ ತೆಗೆಯುವ ಮನಸ್ಸಾಗಲಿಲ್ಲ. ಜಾಡಿಗಿಂತ ಒಂದು ಛಾಯೆ ತೆಳುವಾದ ಬಣ್ಣ ಬಳಿದು ಕಳಿಸಿದಳು. ಈ ಕಸುಬಿನ ನಿಯಮವೇ ಅದು: ಇದು ತೇಪೆ ಎಂದು ಹತ್ತಿರ ಬಂದವರಿಗೆ ತಿಳಿಯಬೇಕು. ಆದರೆ ಭಾವ ಯಾವ ವಸ್ತುವಿನ ಹತ್ತಿರವೂ ಬರುತ್ತಿರಲಿಲ್ಲ. ಫೋಟೋ ನೋಡಿಯೇ ಅವರಿಗೆ ಜ್ಞಾನೋದಯವಾಗುತ್ತಿತ್ತು.

ಸಂಜೆ ಅವಳು ದುರಸ್ತಿಯ ಕಡತ ಹಿಡಿದು ಅಕ್ಕನ ಮನೆಗೆ ಹೋದಳು. ಭಾವ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಪಕ್ಕದ ಮೇಜಿನಲ್ಲಿ ಅಕ್ಕ ಟೈಪು ಮಾಡುತ್ತಿದ್ದಳು.

"ಭಾವ, ಆ ಸುರುಳಿ ಹಳೇದಲ್ಲ. ನಾನು ತುಂಬಿದ್ದು. ಫೋಟೋ ನೋಡಿ, ಇಲ್ಲಿ ಬರೀ ತೂತಿದೆ."

ಭಾವ ಕನ್ನಡಕ ಏರಿಸಿ ಫೋಟೋ ನೋಡಿದರು, ಕಡತ ಮುಚ್ಚಿದರು. ಅವರ ಮುಖದಲ್ಲಿ ಬಂದದ್ದು ಕರುಣೆ.

"ಕೈ ನಿಂದೇ ಇರಬಹುದಮ್ಮ. ಆದ್ರೆ ಆ ಕೈಯನ್ನ ಆಡಿಸಿದ್ದು ಯಾವ್ದು? ಯೋಚನೆ ಮಾಡಿದ್ಯಾ?"

"ನಾನೇ ಆಡಿಸಿದ್ದು, ಭಾವ."

"ಹಾಗಂತ ನೀನು ಅಂದ್ಕೊಂಡಿದೀಯ. ನಿಂಗೆ ಗೊತ್ತಿಲ್ದೆ ಆ ನಾಗರಿಕತೆನೇ ನಿನ್ನ ಮೂಲಕ ತನ್ನ ಚಿಹ್ನೆ ಬರ್ಕೊಂಡಿದೆ. ನೀನು ಬರೀ ಸಾಧನ. ಚೂರು ಅಂಟಿಸೋರಿಗೆ ಚೂರೇ ಕಾಣೋದು, ಅದು ನಿನ್ನ ತಪ್ಪಲ್ಲ ಬಿಡು."

ಟೈಪಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮಾರನೇ ದಿನ ಮುಖ್ಯಸ್ಥನಿಗೂ ಹೇಳಿ ನೋಡಿದಳು. ಅವನು ಬಾಗಿಲು ಹಾಕಿಕೊಂಡು ಬಂದ. "ಪೋಸ್ಟರ್ ಹಾಕಾಯ್ತು ಮೇಡಂ. ಸುಮ್ನೆ ಯಾಕೆ ಎಲ್ರಿಗೂ ಗೊಂದಲ? ಇಷ್ಟಕ್ಕೂ ಅವರು ನಿಮ್ಮ ಮನೆಯವರೇ ಅಲ್ವಾ?"

ಅಂದಿನಿಂದ ಅವಳು ವಾದ ಬಿಟ್ಟಳು. ವಾದ ಮಾಡಲು ಎದುರಿಗೆ ಒಂದು ಬುದ್ಧಿಯಾದರೂ ಇರಬೇಕು. ಭಾಷಣಕ್ಕೆ ಮೂರು ದಿನ ಮುಂಚೆ, ಪರೀಕ್ಷೆಗೆ ಎಂದು ನಿಯಮದಂತೆ ಚೀಟಿ ಬರೆದು ಸಹಿ ಹಾಕಿ, ಜಾಡಿಯನ್ನು ಕೆಳಗೆ ತರಿಸಿದಳು. ತೇಪೆಯ ಅಂಚಿಗೆ ಹತ್ತಿಯಿಂದ ಅಂಟು ಕರಗಿಸುವ ದ್ರಾವಣ ಒತ್ತುತ್ತಾ ಬಂದಳು. ಅರ್ಧ ದಿನದಲ್ಲಿ ಪ್ಲಾಸ್ಟರ್ ಬಿಲ್ಲೆ ಅವಳ ಅಂಗೈಗೆ ಬಿತ್ತು. ಕಡತದಲ್ಲಿ 'ತುಂಬಿದ ಭಾಗ ತೆಗೆಯಲಾಗಿದೆ' ಎಂದು ಬರೆದಳು. ಭಾಷಣಕ್ಕೆಂದು ಜಾಡಿಯನ್ನು ಸಭಾಂಗಣದ ವೇದಿಕೆಗೆ ಒಯ್ದಾಗ ತೂತು ಜನರ ಕಡೆಗೆ ಬರುವಂತೆ ತಾನೇ ನಿಂತು ತಿರುಗಿಸಿಟ್ಟಳು.

ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಕ್ಕ. ತಂಗಿ ಹಿಂದೆ ಗೋಡೆಗೆ ಒರಗಿ ನಿಂತಳು. ಭಾವ ಶಾಲು ಸರಿಪಡಿಸಿಕೊಂಡು ಐದು ಸಾವಿರ ವರ್ಷದ ಹಿಂದಿನಿಂದ ಹೊರಟರು. ಮುಕ್ಕಾಲು ಗಂಟೆ ಜಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಕೈ ಎತ್ತಿ, "ಇನ್ನು ಈ ಸುರುಳಿ" ಎಂದು ತಿರುಗಿದರು.

ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಅಷ್ಟು ಹೊತ್ತೂ ಜನರನ್ನೇ ಎಣಿಸುತ್ತಿದ್ದ ಮುಖ್ಯಸ್ಥ ಆಗಷ್ಟೇ ತೂತು ಕಂಡು ಕುರ್ಚಿಯಿಂದ ಅರ್ಧ ಎದ್ದ. ಭಾವ ಸಿಕ್ಕಿಬಿದ್ದರು, ಎಂದುಕೊಂಡಳು ಅವಳು.

ಭಾವ ಒಮ್ಮೆ ಶಾಲು ಸರಿಪಡಿಸಿಕೊಂಡರು, ಅಷ್ಟೇ. ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ.

"ನೋಡಿದ್ರಾ?" ಎಂದರು, ದನಿ ತಗ್ಗಿಸಿ. "ಇಲ್ಲಿ ಏನೂ ಇಲ್ಲ. ಶೂನ್ಯ. ಸುರುಳಿ ಸುತ್ತಿ ಸುತ್ತಿ ಕೊನೆಗೆ ಎಲ್ಲಿಗೆ ಹೋಗುತ್ತೆ? ಶೂನ್ಯಕ್ಕೆ. ಆ ಮಹಾನುಭಾವ ಕುಂಬಾರ ಇಲ್ಲಿ ಬೇಕಂತಲೇ ಜಾಗ ಬಿಟ್ಟಿದಾನೆ. ಇದು ತೂತಲ್ಲ. ಇದು ಬಾಗಿಲು."

ಸಭೆ ಚಪ್ಪಾಳೆ ತಟ್ಟಿತು. ಮುಖ್ಯಸ್ಥ ಎಲ್ಲರಿಗಿಂತ ಜೋರಾಗಿ ತಟ್ಟುತ್ತಾ ಕೂತುಕೊಂಡ.

ಬುದ್ಧಿವಂತಿಕೆ ಎಂದು ತಾನು ಮಾಡಿದ್ದು ಆ ಮನುಷ್ಯನ ಬಾಯಿಗೆ ಇನ್ನೊಂದು ತುತ್ತು ಇಟ್ಟಂತಾಯಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಆಗ ನಡುವಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಶಾಲೆಯಲ್ಲಿ ಪಾಠ ಹೇಳಿದವಳೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಸರ್, ಕುಂಬಾರ ಅಷ್ಟಗಲ ತೂತು ಬಿಟ್ಟಿದ್ರೆ ಅದ್ರಲ್ಲಿ ಏನು ತುಂಬಿಡ್ತಿದ್ದ?"

"ತುಂಬೋದಕ್ಕಲ್ಲ ತಾಯಿ, ಖಾಲಿಯಾಗೋದಕ್ಕೆ."

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೊದಲು ಕೆಮ್ಮಿನಂತೆ ಬಂತು, ಆಮೇಲೆ ತಡೆಯಲಾರದಂತೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜಗಳು ಕುಲುಕುತ್ತಿದ್ದವು. ಮೂವತ್ತೊಂದು ವರ್ಷ ಆ ಮಾತುಗಳನ್ನು ಟೈಪು ಮಾಡಿದವಳ ನಗು ಅದು. ಒಬ್ಬರಿಂದ ಒಬ್ಬರಿಗೆ ಹತ್ತಿ ನಾಲ್ಕು ಸಾಲು ದಾಟಿತು. ಭಾವ ಮೈಕಿನ ಮುಂದೆ "ಶೂನ್ಯ" ಎಂದು ಇನ್ನೆರಡು ಸಲ ಅಂದರು. ಹೆಂಡತಿಯ ಕಡೆ ನೋಡಿದರು. ಭಾಷಣ ಮುಗಿಸದೆ ಕೂತರು.

ಸಭೆ ಚದುರಿದ ಮೇಲೆ ಅಕ್ಕ ನೆಲಮಾಳಿಗೆಗೆ ಇಳಿದು ಬಂದಳು. ತಂಗಿಯ ಕೋಣೆಗೆ ಅವಳು ಬಂದದ್ದು ಅದೇ ಮೊದಲು. ನಕ್ಕು ನಕ್ಕು ಕಣ್ಣು ಕೆಂಪಾಗಿತ್ತು.

"ತೆಗ್ದಿದ್ದು ನೀನೇ ತಾನೆ?"

"ಹೂಂ. ತಪ್ಪು ಮಾಡ್ದೆ ಅನ್ಸುತ್ತೆ. ಅದ್ರಿಂದ್ಲೂ ಅವರು ಚಪ್ಪಾಳೆ ಹೊಡೆಸ್ಕೊಂಡ್ರು."

"ಗೋಡೆ ತೋರ್ಸಿದ್ರೂ ಹೊಡೆಸ್ಕೊಳ್ತಾರೆ ಬಿಡು. ನಿಜಕ್ಕೂ ಅದ್ರಲ್ಲಿ ಏನಿತ್ತೇ?"

"ಎಣ್ಣೆ. ಒಳಗೆ ಕತ್ತಿನ ತನಕ ಜಿಡ್ಡಿನ ಕರೆ ಇದೆ. ಯಾರೋ ಎತ್ತಿ ಹಾಕಿರ್ಬೇಕು, ಪಾಪ."

"ಇಷ್ಟನ್ನ ಯಾಕೆ ಯಾರೂ ಹೇಳಲ್ಲ?" ಎಂದಳು ಅಕ್ಕ. ಅಷ್ಟು ವರ್ಷ ತಂಗಿಯೂ ಯಾರಿಗೂ ಹೇಳಿರಲಿಲ್ಲ. ಕೇಳುವ ಯೋಗ್ಯತೆ ಇರುವವರು ಮೇಲಿನ ಮಹಡಿಗಳಲ್ಲಿ ಯಾರೂ ಇಲ್ಲ ಎಂದುಕೊಂಡು, ಅದೇ ದೊಡ್ಡತನವೆಂಬಂತೆ ನೆಲಮಾಳಿಗೆಯಲ್ಲಿ ಕೂತಿದ್ದಳು. ಆ ಮುದುಕಿಯಂಥವರು ಎಷ್ಟು ಸಲ ಬಂದು ಹೋಗಿದ್ದರೋ.

ಭಾವನಿಗೆ ಆಗಿದ್ದೇನೂ ಇಲ್ಲ. ಅವರಂಥವರಿಗೆ ಏನೂ ಆಗುವುದಿಲ್ಲ. ನಾಲ್ಕು ತಿಂಗಳಲ್ಲಿ 'ಶೂನ್ಯದ ಬಾಗಿಲು' ಎಂಬ ಪುಸ್ತಕ ಬಂತು. ಅಕ್ಕ ಟೈಪು ಮಾಡಲು ಒಪ್ಪದ ಕಾರಣ ಬೇರೆ ಯಾರೋ ಮಾಡಿದ್ದರು. ಹಾಳೆಗೆ ಹತ್ತು ತಪ್ಪು. 'ಚೈತನ್ಯ' ಮೂರು ಕಡೆ 'ಚಿತಾನ್ಯ' ಆಗಿತ್ತು, ಅದನ್ನೂ ಹೊಸ ಪರಿಕಲ್ಪನೆಯೆಂದು ಒಬ್ಬ ವಿಮರ್ಶಕ ಹೊಗಳಿದ.

ಜಾಡಿಯ ತೂತನ್ನು ಮತ್ತೆ ತುಂಬಬಾರದೆಂದು ಮುಖ್ಯಸ್ಥ ಆದೇಶ ಕೊಟ್ಟ. ಜನ ಅದನ್ನೇ ನೋಡಲು ಬರುತ್ತಿದ್ದರು. ಅವಳು ಒಪ್ಪಿದಳು. ಆದರೆ ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಜಾಡಿಯ ಪಕ್ಕ ನಿಂತು ಬಂದವರಿಗೆ ತಾನೇ ಮಾತಾಡುತ್ತೇನೆಂದು ಬರೆದುಕೊಟ್ಟಳು. ಮುಖ್ಯಸ್ಥ ಬೇಡವೆನ್ನಲು ನೆವ ಹುಡುಕಿ, ಸಿಗದೆ, ಸಹಿ ಹಾಕಿದ.

ಮೊದಲ ಗುರುವಾರ ಬಂದವರು ಆರು ಜನ. ಅವರಲ್ಲೊಬ್ಬ ಮಧ್ಯದಲ್ಲೇ ಹೊರಟುಹೋದ. ಉಳಿದವರಿಗೆ ಅವಳು ಎಣ್ಣೆಯ ಕರೆ ತೋರಿಸಿದಳು, ಕುಂಬಾರನ ಹೆಬ್ಬೆರಳು ಜಾಡಿಯ ಅಂಚಿನಲ್ಲಿ ಎಲ್ಲಿ ಒತ್ತಿದೆ ಎಂದು ತೋರಿಸಿದಳು, ಯಾವುದು ಗೊತ್ತಿಲ್ಲವೋ ಅದನ್ನು ಗೊತ್ತಿಲ್ಲ ಎಂದಳು. ಹಿಂದೆ ನಿಂತಿದ್ದ ಅಕ್ಕ ಚೀಲದಿಂದ ಒಂದು ನೋಟುಬುಕ್ಕು ತೆಗೆದು, ತನ್ನ ದುಂಡನೆಯ ಅಕ್ಷರದಲ್ಲಿ ಬರೆದುಕೊಳ್ಳತೊಡಗಿದಳು.